ಆರು ಫ್ರೆಂಚ್ ಗೈಡ್‌ನಲ್ಲಿ ಡಿಕೆ ಕ್ರಷ್: ತುಮಕೂರಿನ ನನ್ನ ಅನುಭವ

ಹೃದಯದ ಎಡ ಮುಖ್ಯ ರಕ್ತನಾಳ ಎರಡಾಗಿ ಒಡೆಯುವ ಲೆಫ್ಟ್ ಮೇನ್ ಕವಲಿನಲ್ಲಿ ಮೆಡಿನಾ 1,1,1 ಅಡ್ಡಿ, ಅಂದರೆ ಮುಖ್ಯ ನಾಳ ಮತ್ತು ಎರಡೂ ಕವಲುಗಳಲ್ಲಿ ಅಡ್ಡಿ, ಕಂಡರೆ ತುಮಕೂರಿನಲ್ಲಿ ಕೈಹಾಕದೆ ಬೆಂಗಳೂರಿಗೆ ಕಳುಹಿಸಬೇಕು ಎಂಬುದು ನಮ್ಮ ವಲಯದಲ್ಲಿ ಬಹುಕಾಲ ನಡೆದುಬಂದ ಮಾತು. ಬೈಪಾಸ್ ಬೇಡವೆಂದು ಶಸ್ತ್ರಚಿಕಿತ್ಸಕರೊಡನೆ ಕೂತು ತೀರ್ಮಾನಿಸಿದ ರೋಗಿಗಳಿಗೆ ನಾನು ಇಲ್ಲಿಯೇ, ಮಣಿಕಟ್ಟಿನ ಮೂಲಕ, 6 ಫ್ರೆಂಚ್ (ಸುಮಾರು 2 ಮಿ.ಮೀ. ದಪ್ಪದ) ಗೈಡ್ ಕ್ಯಾಥಿಟರ್‌ನಲ್ಲಿ ಡಿಕೆ ಕ್ರಷ್ ಮಾಡುತ್ತೇನೆಂದಾಗ ಹಿರಿಯರೊಬ್ಬರು ನಕ್ಕಿದ್ದರು. ಈಗ ಅವರೇ ತಮ್ಮ ರೋಗಿಗಳನ್ನು ನನ್ನ ಬಳಿಗೆ ಕಳುಹಿಸುತ್ತಿದ್ದಾರೆ. ಡಿಕೆ ಕ್ರಷ್ ಎಂದರೆ ಎರಡು ಸ್ಟೆಂಟ್‌ಗಳ ವಿಧಾನ: ಕವಲಿನ ಸ್ಟೆಂಟ್‌ನ ಮುಖ್ಯ ನಾಳಕ್ಕೆ ಚಾಚಿದ ಭಾಗವನ್ನು ಬಲೂನಿನಿಂದ ಒತ್ತಿ (ಕ್ರಷ್), ಮುಖ್ಯ ನಾಳದ ಸ್ಟೆಂಟ್‌ಗೆ ಮೊದಲೊಮ್ಮೆ, ನಂತರ ಇನ್ನೊಮ್ಮೆ ಎರಡೂ ನಾಳಗಳಲ್ಲಿ ಬಲೂನು ಒಟ್ಟಿಗೆ ಹಿಗ್ಗಿಸುವುದು (ಕಿಸ್ಸಿಂಗ್).

ಮೊದಲಿನ ವರ್ಷಗಳಲ್ಲಿ, ಕೊನೆಗೊಮ್ಮೆ ಮಾತ್ರ ಕಿಸ್ಸಿಂಗ್ ಮಾಡುವ ಹಳೆಯ ಕ್ರಷ್ ಮತ್ತು ಒಂದು ಸ್ಟೆಂಟ್‌ನೊಳಗಿಂದ ಇನ್ನೊಂದನ್ನು ಹಾಯಿಸುವ ಕುಲೋಟ್ ಎರಡನ್ನೂ ಮಾಡಿದ್ದೆವು. ಲೆಫ್ಟ್ ಮೇನ್‌ನ ಎರಡು ಕವಲುಗಳಾದ ಎಲ್‌ಎಡಿ ಮತ್ತು ಸರ್ಕಮ್‌ಫ್ಲೆಕ್ಸ್‌ಗಳ ಅಳತೆಯಲ್ಲಿ ಹೆಚ್ಚು ವ್ಯತ್ಯಾಸವಿದ್ದಾಗ ಕುಲೋಟ್ ಸರಿಬರಲಿಲ್ಲ. ಹಳೆಯ ಕ್ರಷ್‌ನಲ್ಲಿ ಕವಲಿನ ಬಾಯಿಗೆ ಲೋಹದ ಪದರಗಳು ಅಡ್ಡನಿಂತು, ಕೊನೆಯ ಕಿಸ್ಸಿಂಗ್‌ಗೆ ಎಷ್ಟೋ ಬಾರಿ ಬಲೂನು ದಾಟುತ್ತಲೇ ಇರಲಿಲ್ಲ. ಹಾಗೆ ಬಿಟ್ಟವರಲ್ಲಿ ಕೆಲವರು ಆರೆಂಟು ತಿಂಗಳಿಗೆ ಎದೆನೋವೆಂದು ಮರಳಿದರು. ಬಹುಪಾಲು ಸರ್ಕಮ್‌ಫ್ಲೆಕ್ಸ್‌ನ ಬಾಯಿಯೇ ಮತ್ತೆ ಕಿರಿದಾಗಿರುತ್ತಿತ್ತು. ಎರಡನೆಯ ಬಾರಿಯ ಖರ್ಚನ್ನು ಪಾವಗಡದ ರೈತನೊಬ್ಬನ ಮುಂದೆ ಹೇಳುವುದು ಸುಲಭದ ಕೆಲಸವಲ್ಲ.

ಡಿಕೆ ಕ್ರಷ್‌ನಲ್ಲಿ ಸ್ಟೆಂಟ್‌ಗಳು ಒಂದಾದ ಮೇಲೊಂದು ಹೋಗುವುದರಿಂದ 7 ಫ್ರೆಂಚ್‌ನ ಅಗತ್ಯವೇ ಇಲ್ಲ. 6 ಫ್ರೆಂಚ್‌ನ ಒಳವ್ಯಾಸ 0.070 ಇಂಚಿನ ಆಸುಪಾಸು ಇರುತ್ತದೆ. ಸಪೂರವಾದ ಎರಡು ಎನ್‌ಸಿ (ಒತ್ತಡ ಹೆಚ್ಚಿದರೂ ಅಳತೆ ಮೀರಿ ಹಿಗ್ಗದ) ಬಲೂನುಗಳನ್ನು ಜೊತೆಯಾಗಿ ತಳ್ಳದೆ ಹಿಂದೆ ಮುಂದೆ ಬಿಟ್ಟರೆ ಅದರಲ್ಲಿ ಸಾಗುತ್ತವೆ. ನನ್ನ ಫಲಿತಾಂಶ ಬದಲಾದದ್ದು ಪಿಒಟಿಯಿಂದ, ಅಂದರೆ ಕವಲಿಗಿಂತ ಹಿಂದಿನ ಮುಖ್ಯ ನಾಳದಲ್ಲಿ ಸ್ಟೆಂಟನ್ನು ದೊಡ್ಡ ಬಲೂನಿನಿಂದ ಹಿಗ್ಗಿಸುವುದರಿಂದ. ಐವಸ್ (ರಕ್ತನಾಳದೊಳಗಿನ ಅಲ್ಟ್ರಾಸೌಂಡ್) ಇಲ್ಲದ ದಿನಗಳಲ್ಲಿ, ಕವಲುಗಳ ವ್ಯಾಸದಿಂದ ಮುಖ್ಯ ನಾಳದ ವ್ಯಾಸ ತಿಳಿಸುವ ಫಿನೆ ಸೂತ್ರವನ್ನೇ ನಂಬಿದ್ದೆ: ಎಲ್‌ಎಡಿ 3.0, ಸರ್ಕಮ್‌ಫ್ಲೆಕ್ಸ್ 2.75 ಇದ್ದರೆ ಮೊತ್ತವನ್ನು 0.678ರಿಂದ ಗುಣಿಸಿದಾಗ ಲೆಫ್ಟ್ ಮೇನ್ ಸುಮಾರು 3.9 ಮಿ.ಮೀ. ಬರುತ್ತದೆ. ಕಣ್ಣಳತೆಗೆ 3.5 ಎನಿಸಿದರೂ ನಾನು 4.0 ಬಲೂನನ್ನೇ ಹಾಕುತ್ತೇನೆ, ಅದರ ತುದಿಯ ಮಾರ್ಕರ್ ನಾಳ ಕವಲೊಡೆಯುವ ಅಂಚಾದ ಕರೀನಾವನ್ನು ದಾಟದಂತೆ ನೋಡಿಕೊಳ್ಳುತ್ತೇನೆ. ಸ್ಟೆಂಟ್‌ನ ತಂತಿಗಳ ನಡುವಿನ ಕಂಡಿಯಿಂದ ಕವಲಿಗೆ ಮರಳಿ ವೈರ್ ದಾಟಿಸುವಾಗ ತುದಿಗೆ ಕೊಡುವ ಬಾಗು ನನ್ನದೇ; ಅದನ್ನು ಬರೆದು ತಿಳಿಸಲಾಗದು, ಲ್ಯಾಬಿಗೆ ಬಂದವರಿಗೆ ತೋರಿಸಬಲ್ಲೆ.

ಅವಧಿ ಮುಗಿದ ಸ್ಟೆಂಟ್‌ಗಳನ್ನು ಕವಲಾದ ಪಾರದರ್ಶಕ ಟ್ಯೂಬಿನೊಳಗೆ ಅರಳಿಸಿ, ಮೊಬೈಲಿಗೆ ಭೂತಗನ್ನಡಿ ಹಿಡಿದು ನೋಡುವ ಹುಚ್ಚೂ ಒಂದಷ್ಟು ದಿನ ಇತ್ತು. ವೈರ್ ತೀರಾ ಕೆಳಗಿನ ಕಂಡಿಯಿಂದ ದಾಟಿದಾಗ ಅದು ಸ್ಟೆಂಟ್‌ನ ಹೊರಗೆ ಜಾರಿ, ಬಲೂನು ಹಿಗ್ಗಿದಾಗ ಕವಲಿನ ಸ್ಟೆಂಟ್ ಮುದುಡಿದ್ದನ್ನು ಅಲ್ಲಿ ಕಣ್ಣಾರೆ ಕಂಡೆ. ಅಂದಿನಿಂದ ಡಿಕೆ ಕ್ರಷ್‌ನಲ್ಲಿ ಮೇಲಿನ ಇಲ್ಲವೇ ನಡುವಿನ ಕಂಡಿಯಿಂದ ದಾಟದೆ ಮುಂದಿನ ಹೆಜ್ಜೆ ಇಡುವುದಿಲ್ಲ. ಒಂದೇ ಸ್ಟೆಂಟ್‌ನ ಪ್ರಾವಿಷನಲ್ ವಿಧಾನಕ್ಕೆ ಕೆಳಗಿನ ಕಂಡಿಯೇ ಬೇಕು ಎಂಬುದನ್ನು ಕಿರಿಯರು ಇದರೊಡನೆ ಕಲಸಿಕೊಳ್ಳಬಾರದು.

ಹಣದ ವಿಚಾರಕ್ಕೆ ಬರೋಣ. 2017ರ ಫೆಬ್ರುವರಿಯಲ್ಲಿ ಔಷಧ ಲೇಪಿತ ಸ್ಟೆಂಟ್‌ಗೆ 29,600 ರೂಪಾಯಿಯ ಮಿತಿ ಬಂದ ಮೇಲೆ ಎರಡನೆಯ ಸ್ಟೆಂಟ್ ದೊಡ್ಡ ಹೊರೆಯಾಗಿ ಉಳಿಯಲಿಲ್ಲ. ಹೊರೆಯಾದದ್ದು ಬಲೂನುಗಳು. ಲೆಕ್ಕ ನೋಡಿಕೊಳ್ಳುವವರು ಪ್ರತಿ ರೋಗಿಗೂ ಇಪ್ಪತ್ತು ಸಾವಿರದಷ್ಟು ಹೆಚ್ಚಿಗೆ ಎಂದು ಮುಖ ಸಿಂಡರಿಸುತ್ತಿದ್ದರು. ಮುಖ್ಯ ನಾಳದ ಎನ್‌ಸಿ ಬಲೂನಿನಲ್ಲಿಯೇ ಕ್ರಷ್ ಮಾಡಿ, ಅದೇ ರೋಗಿಯ ಎರಡೂ ಕಿಸ್ಸಿಂಗ್‌ಗೆ ಅದೇ ಜೋಡಿಯನ್ನು ಬಳಸಿದ್ದರಿಂದ ಪಿಒಟಿಯದೊಂದೇ ಹೆಚ್ಚುವರಿಯಾಗಿ ಉಳಿಯಿತು.

ಪ್ರಾವಿಷನಲ್ ಪಕ್ಷಪಾತಿಗಳಾದ ಗೆಳೆಯರು ಲೆಫ್ಟ್ ಮೇನ್ ಕವಲಿಗೆ ಎರಡು ಸ್ಟೆಂಟ್‌ಗಳಿಂದ ಹೆಚ್ಚಿನ ಲಾಭ ಕಾಣದ 2021ರ ಇಬಿಸಿ ಮೇನ್ ಅಧ್ಯಯನವನ್ನು ಮುಂದಿಡುತ್ತಾರೆ. ನಾನು 2017ರ ಡಿಕೆಕ್ರಷ್-5 ಅಧ್ಯಯನ ತೋರಿಸುತ್ತೇನೆ: ಒಂದು ವರ್ಷದಲ್ಲಿ ಚಿಕಿತ್ಸೆ ಪಡೆದ ಜಾಗದ ವೈಫಲ್ಯ ಡಿಕೆ ಕ್ರಷ್‌ನಲ್ಲಿ ಶೇ. 5.0, ಪ್ರಾವಿಷನಲ್‌ನಲ್ಲಿ ಶೇ. 10.7. ಇಬಿಸಿ ಮೇನ್‌ನಲ್ಲಿ ಕವಲಿನ ಅಡ್ಡಿ ಡಿಕೆಕ್ರಷ್-5ರದಕ್ಕಿಂತ ಗಿಡ್ಡವಾಗಿತ್ತು ಎಂಬುದು ನನ್ನ ಉತ್ತರ. ಸರ್ಕಮ್‌ಫ್ಲೆಕ್ಸ್‌ನ ಅಡ್ಡಿ 10 ಮಿ.ಮೀ.ಗಿಂತ ಗಿಡ್ಡವಾಗಿದ್ದರೆ ನಾನೂ ಒಂದೇ ಸ್ಟೆಂಟ್‌ನಿಂದ ಆರಂಭಿಸುತ್ತೇನೆ. ಎಲ್‌ಎಡಿಯಿಂದ ಹೊರಡುವ ಡಯಾಗನಲ್ ಕವಲುಗಳಿಗೆ ಔಷಧ ಲೇಪಿತ ಬಲೂನನ್ನೂ ಪರೀಕ್ಷಿಸುತ್ತಿದ್ದೇನೆ. ಈವರೆಗೆ ನಿರಾಶೆಯಾಗಿಲ್ಲ, ಆದರೆ ಅದರ ಬೆಲೆ ಸ್ಟೆಂಟ್‌ನ ಬೆಲೆಯನ್ನು ಮುಟ್ಟುತ್ತದೆ.

ನೆನಪಿನಿಂದ ಹೇಳುವುದಾದರೆ ಎಂಬತ್ತು-ತೊಂಬತ್ತು ಮಂದಿಗೆ ಡಿಕೆ ಕ್ರಷ್ ಮಾಡಿರಬೇಕು. ಅಡ್ಡಿ ಮರುಕಳಿಸಿ ಬಂದವರು ಕೈಬೆರಳೆಣಿಕೆಯಷ್ಟು. ಸುಣ್ಣಗಟ್ಟಿದ ಕವಲುಗಳಿಗೆ ಬೇಕಾದ ರೋಟಬ್ಲೇಟರ್ (ಸುಣ್ಣವನ್ನು ಕೊರೆಯುವ ಸಾಧನ) ನಮ್ಮಲ್ಲಿಲ್ಲ. ಅಂಥವರನ್ನು ಆಂಜಿಯೋಗ್ರಾಂ ಸಿಡಿ ಕೊಟ್ಟು ಈಗಲೂ ಬೆಂಗಳೂರಿಗೇ ಕಳುಹಿಸುತ್ತೇನೆ.