ಫೈನಲ್‌ಗೆ ಊರು ಹುಡುಕಿದ ಬಗೆ: ನನ್ನ ಅನುಭವ

ಕಳೆದ ಏಪ್ರಿಲ್‌ನಲ್ಲಿ ನಮ್ಮ ಫುಟ್‌ಬಾಲ್ ಟೂರ್ನಿಯ ಫೈನಲ್ ಕುಶಾಲನಗರದ ಒಂದು ಕಾಲೇಜು ಮೈದಾನದಲ್ಲಿ ನಡೆಯಿತು. ಪಂದ್ಯ ಶುರುವಾಗುವುದು ನಾಲ್ಕೂಕಾಲಕ್ಕೆ. ನಾಲ್ಕು ಗಂಟೆಗೇ ಗೇಟು ಹಾಕಬೇಕಾಯಿತು. ಒಳಗೆ ಸುಮಾರು 4,200 ಜನ, ಹೊರಗೆ ರಸ್ತೆಯ ಮೇಲೆ ಇನ್ನೂ ಮುನ್ನೂರು ನಾನೂರು ಮಂದಿ. ರಾತ್ರಿ ಲೆಕ್ಕದ ಪುಸ್ತಕ ಮುಚ್ಚಿದಾಗ ಆ ದಿನದ ಎಲ್ಲ ಖರ್ಚು ಕಳೆದು 1.80 ಲಕ್ಷ ರೂಪಾಯಿಯಷ್ಟು ಉಳಿದಿತ್ತು. ಅದಕ್ಕೂ ಹಿಂದಿನ ಸಭೆಗಳಲ್ಲಿ ನಮ್ಮ ಸಮಿತಿಯ ಹಿರಿಯರು, "ಜಿಲ್ಲಾ ಕ್ರೀಡಾಂಗಣ ಬಿಟ್ಟು ಕಾಲೇಜು ಮೈದಾನದಲ್ಲಿ ಫೈನಲ್ ಆಡಿಸಿದರೆ ಟೂರ್ನಿಯ ಮರ್ಯಾದೆ ಏನಾಗಬೇಕು?" ಎಂದು ಕೇಳಿದ್ದರು. ಅವರೇ ಆ ರಾತ್ರಿ ನನ್ನ ಹೆಗಲು ತಟ್ಟಿ, "ಮುಂದಿನ ವರ್ಷವೂ ಊರು ನೀನೇ ಗೊತ್ತುಮಾಡು" ಎಂದರು. ಏಳೆಂಟು ವರ್ಷ ಪಟ್ಟ ಪಾಡಿಗೆ ಅಷ್ಟು ಸಾಕಾಗಿತ್ತು. ಊರೂರಿನಲ್ಲಿ ಇದೇ ಕೆಲಸ ಮಾಡುವವರು ಹಲವರು ಕೇಳಿದ್ದರಿಂದ ಬರೆಯುತ್ತಿದ್ದೇನೆ.

ನಮ್ಮದು 16 ತಂಡಗಳ ಟೂರ್ನಿ. ಕೊಡಗು, ಹಾಸನ, ಮೈಸೂರು ಜಿಲ್ಲೆಗಳ ತಂಡಗಳು ಹೆಚ್ಚು, ಸುಳ್ಯ, ಪುತ್ತೂರು ಕಡೆಯಿಂದ ಎರಡು ಮೂರು. ಮೊದಲ ಸುತ್ತುಗಳನ್ನು ಎಲ್ಲಿ ಆಡಿಸಿದರೂ ನಡೆದುಹೋಗುತ್ತದೆ. ತಲೆನೋವು ಇರುವುದೆಲ್ಲ ಫೈನಲ್‌ನದು.

ಮೊದಲ ಪೆಟ್ಟು ಬಿದ್ದದ್ದು 2017ರಲ್ಲಿ. ಫೈನಲ್ ಎಂದರೆ ದೊಡ್ಡ ಊರು, ದೊಡ್ಡ ಕ್ರೀಡಾಂಗಣ ಎಂದು ನಾವೆಲ್ಲ ನಂಬಿದ್ದ ಕಾಲ. ಹತ್ತು ಸಾವಿರ ಜನ ಕೂರಬಹುದಾದ ಕ್ರೀಡಾಂಗಣ ಹಿಡಿದೆವು. ಬಂದದ್ದು 1,100 ಜನ. ಮೈದಾನಕ್ಕೂ ಮೆಟ್ಟಿಲಿಗೂ ನಡುವೆ ಓಟದ ಟ್ರ್ಯಾಕ್. ಇದ್ದ ಜನರ ಕೂಗು ಕೂಡ ಆಟಗಾರರ ಕಿವಿಗೆ ಬೀಳಲಿಲ್ಲ. ಬಾಡಿಗೆ, ವಿದ್ಯುತ್, ಸ್ವಚ್ಛತೆ, ಬಂದೋಬಸ್ತ್ ಎಲ್ಲ ಸೇರಿ 2.30 ಲಕ್ಷ ಖರ್ಚಾಯಿತು, ಗೇಟಿನಿಂದ ಬಂದದ್ದು 50 ಸಾವಿರವೂ ಇಲ್ಲ. ಠೇವಣಿ ವಾಪಸು ಪಡೆಯಲು ಏಳು ತಿಂಗಳು ಅಲೆದೆ. ಇಂಥದ್ದು ನಮ್ಮಂಥವರಿಗೆ ಮಾತ್ರ ಆಗುವುದಲ್ಲ. 2019ರಲ್ಲಿ ಯುರೋಪಿನ ಕ್ಲಬ್‌ಗಳ ಯುರೋಪಾ ಲೀಗ್ ಟೂರ್ನಿಯ ಫೈನಲ್ ಅಜರ್‌ಬೈಜಾನ್‌ನ ಬಾಕುವಿನಲ್ಲಿ ನಡೆಯಿತು. ಆಡಿದ್ದು ಲಂಡನ್ನಿನ ಎರಡು ತಂಡಗಳು, ಚೆಲ್ಸಿ ಮತ್ತು ಆರ್ಸೆನಲ್. ತಲಾ ಆರು ಸಾವಿರದಷ್ಟು ಟಿಕೆಟ್ ಕೊಟ್ಟಿದ್ದರೂ ಅಷ್ಟು ದೂರ ಹೋಗಲಾಗದೆ ಆ ಪಾಲೂ ಪೂರ್ತಿ ಮಾರಾಟವಾಗಲಿಲ್ಲ. ಖಾಲಿ ಕುರ್ಚಿಗಳನ್ನು ಟಿವಿಯಲ್ಲಿ ನೋಡಿದಾಗ ನಮ್ಮ 2017 ಕಣ್ಣಮುಂದೆ ಬಂತು.

ಎರಡನೆಯ ಪೆಟ್ಟು 2018ರಲ್ಲಿ, ಮಳೆಯದು. ಮಾರ್ಚ್ ಏಪ್ರಿಲ್‌ನಲ್ಲಿ ಕಾಫಿ ತೋಟದವರು ಆಕಾಶ ನೋಡುತ್ತ ಕಾಯುವ ಹೂಮಳೆಯೇ ನಮಗೆ ಶತ್ರು. ಬೆಟ್ಟದ ಮೇಲಿನ ಒಂದು ಚೆಂದದ ಮೈದಾನಕ್ಕೆ ಮನಸೋತು ಸೆಮಿಫೈನಲ್, ಫೈನಲ್ ಎರಡನ್ನೂ ಅಲ್ಲಿಗೇ ಕೊಟ್ಟೆವು. ಸೆಮಿಫೈನಲ್‌ನ ಹಿಂದಿನ ರಾತ್ರಿ ಒಂದೂವರೆ ಗಂಟೆ ಸುರಿಯಿತು. ಬೆಳಿಗ್ಗೆ ನೋಡಿದರೆ ಒಂದು ಗೋಲಿನ ಮುಂದೆ ಪಾದ ಮುಳುಗುವಷ್ಟು ನೀರು. ಪೋಸ್ಟರು, ಶಾಮಿಯಾನ, ಮೈಕ್‌ಸೆಟ್ಟು, ಊಟಕ್ಕೆ ಕೊಟ್ಟ ಮುಂಗಡ ಎಲ್ಲವೂ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದಂತಾಯಿತು. ಅದರ ಹಿಂದಿನ ವರ್ಷವಷ್ಟೇ ಭಾರತದಲ್ಲಿ 17 ವರ್ಷದೊಳಗಿನವರ ವಿಶ್ವಕಪ್ ನಡೆದಿತ್ತು. ಗುವಾಹಟಿಯಲ್ಲಿ ಮಳೆಗೆ ಮೈದಾನ ಹಾಳಾಯಿತೆಂದು ಇಂಗ್ಲೆಂಡ್–ಬ್ರೆಜಿಲ್ ಸೆಮಿಫೈನಲ್ಲನ್ನು ಎರಡೇ ದಿನ ಇರುವಾಗ ಕೋಲ್ಕತ್ತಕ್ಕೆ ಸಾಗಿಸಿದರು, ಅಲ್ಲಿ ಕ್ರೀಡಾಂಗಣ ಕಿಕ್ಕಿರಿದಿತ್ತು. ಅವರಿಗೆ ಕೋಲ್ಕತ್ತ ಇತ್ತು. ನಮಗೆ ಬದಲಿ ಮೈದಾನವೇ ಇರಲಿಲ್ಲ. ಅಂದಿನಿಂದ ಪ್ರತಿ ವರ್ಷ ಇನ್ನೊಂದು ಮೈದಾನಕ್ಕೂ ಹತ್ತು ಸಾವಿರ ಮುಂಗಡ ಕೊಟ್ಟಿಟ್ಟಿರುತ್ತೇನೆ. ಬಹುತೇಕ ವರ್ಷ ಆ ಹಣ ಹೋದದ್ದೇ, ಹೋಗಲಿ.

2019ರಲ್ಲಿ ಇನ್ನೊಂದು ಬುದ್ಧಿ ಓಡಿಸಿದೆ. ಫೈನಲ್‌ಗೆ ಯಾವ ತಂಡಗಳು ಬರುತ್ತವೆಂದು ಗೊತ್ತಾದ ಮೇಲೆ ಎರಡೂ ಊರಿಗೆ ಮಧ್ಯದ ಊರನ್ನು ಹಿಡಿಯೋಣ ಎಂದು. ಕಾಗದದ ಮೇಲೆ ಸರಿಯಾಗಿಯೇ ಕಂಡಿತು. ಆದರೆ ಕೈಯಲ್ಲಿ ಉಳಿದದ್ದು ಆರು ದಿನ. ಅನುಮತಿಗೆ ಓಡಾಡುವುದರಲ್ಲಿ ಮೂರು ದಿನ ಹೋಯಿತು, ಗ್ಯಾಲರಿಯವರು ಒಂದೂವರೆ ಪಟ್ಟು ಬೆಲೆ ಹೇಳಿದರು, ಪೋಸ್ಟರು ಅಂಟಿಸಿದ್ದು ಪಂದ್ಯದ ಹಿಂದಿನ ದಿನ. ನಷ್ಟ 90 ಸಾವಿರ. ಊರನ್ನು ಮೊದಲೇ ಗೊತ್ತುಮಾಡಬೇಕು, ಯಾವ ತಂಡ ಬಂದರೂ ನಡೆಯುವಂತಿರಬೇಕು. ಈ ಎರಡು ಷರತ್ತನ್ನು ಒಟ್ಟಿಗೆ ಹೊಂದಿಸುವುದೇ ಇಡೀ ಕೆಲಸದ ಕಷ್ಟ.

ಕೋವಿಡ್‌ನಿಂದ ಎರಡು ವರ್ಷ ಟೂರ್ನಿ ಇರಲಿಲ್ಲ. ಆ ಬಿಡುವಿನಲ್ಲಿ ಬೈಕಿನಲ್ಲಿ ಒಂಬತ್ತು ಮೈದಾನ ಸುತ್ತಿದೆ. ಹಿಂದೆ ಒಂದು ಹಾರೆ, ಒಂದು ಕೊಡಪಾನ. ಪ್ರತಿ ಮೈದಾನದಲ್ಲೂ ಆರು ಕಡೆ ಮೊಳದುದ್ದದ ಗುಂಡಿ ತೋಡಿ, ಒಂದೊಂದಕ್ಕೂ ಒಂದು ಕೊಡ ನೀರು ಹೊಯ್ದು, ಗಡಿಯಾರ ಹಿಡಿದು ಕೂರುತ್ತಿದ್ದೆ. ಎರಡು ಗೋಲಿನ ಮುಂದೆ, ನಡುವೃತ್ತದಲ್ಲಿ, ಲೈನ್ಸ್‌ಮನ್ ಓಡುವ ಎರಡೂ ಬದಿಯಲ್ಲಿ. ಆರನೆಯದು ಎಲ್ಲಿ ಎಂಬುದನ್ನು ನನ್ನೊಳಗೇ ಇಟ್ಟುಕೊಳ್ಳುತ್ತೇನೆ. ನನಗೆ ಹೆಚ್ಚು ಹೇಳಿದ್ದು ಅದೇ ಗುಂಡಿ. ಒಂದು ಮೈದಾನದಲ್ಲಿ ಮೇಲೆ ಹಸಿರು ಹುಲ್ಲು ಜಮಖಾನೆ ಹಾಸಿದಂತಿತ್ತು. ಅರ್ಧ ಮೊಳ ಅಗೆದದ್ದೇ ತಡ, ಹಾರೆ ಟಣ್ ಎಂದಿತು. ಯಾವುದೋ ಕಾಲದಲ್ಲಿ ತುಂಬಿದ ಕಟ್ಟಡದ ಕಲ್ಲುಪುಡಿ. ನೀರು ಒಂದು ಗಂಟೆಯಾದರೂ ಹಾಗೇ ನಿಂತಿತ್ತು, ಅದರ ಮೇಲೆ ಒಂದು ಒಣ ಎಲೆ ತೇಲುತ್ತಿತ್ತು. ಕುಶಾಲನಗರದ ಮೈದಾನದಲ್ಲಿ ಹುಲ್ಲು ಅಲ್ಲಲ್ಲಿ ಬೋಳು, ನೋಡಿದರೆ ಯಾರೂ ಮೆಚ್ಚುವುದಿಲ್ಲ. ಆದರೆ ಹೊಯ್ದ ನೀರು ಹದಿಮೂರು ಹದಿನಾಲ್ಕು ನಿಮಿಷದಲ್ಲಿ ಇಂಗಿತು. ಹುಲ್ಲನ್ನು ಎರಡು ತಿಂಗಳಲ್ಲಿ ಬೆಳೆಸಬಹುದು. ಅಡಿಯ ಮಣ್ಣನ್ನು ಬದಲಿಸಲು ನಮ್ಮ ಹತ್ತಿರ ಹಣವಿಲ್ಲ. ಅಲ್ಲದೆ ಮಡಿಕೇರಿಯ ಮಳೆಗೂ ಕುಶಾಲನಗರದ ಮಳೆಗೂ ಅಜಗಜಾಂತರ, ಮೂವತ್ತು ಕಿಲೋಮೀಟರ್ ಅಂತರದಲ್ಲೇ.

ಅದೇ ಸುತ್ತಾಟದಲ್ಲಿ ಬಿಸಿಲಿನ ಪ್ರಯೋಗವನ್ನೂ ಮಾಡಿದೆ. ನಾವು ದೀಪ ಹಾಕಿಸುವುದಿಲ್ಲ. ಬಾಡಿಗೆ ಫ್ಲಡ್‌ಲೈಟು, ಜನರೇಟರು, ಡೀಸೆಲ್ ಸೇರಿ ಒಂದು ಸಂಜೆಗೆ 70 ಸಾವಿರ ಕೇಳುತ್ತಾರೆ. ಆದ್ದರಿಂದ ಹಗಲಿನಲ್ಲೇ ಮುಗಿಸಬೇಕು. ಸಮವಾದರೆ ಹೆಚ್ಚುವರಿ ಸಮಯವಿಲ್ಲ, ನೇರ ಪೆನಾಲ್ಟಿ. ಹಾಗಿರುವಾಗ ಮೈದಾನ ಪೂರ್ವ ಪಶ್ಚಿಮವಾಗಿ ಮಲಗಿದ್ದರೆ ಪಶ್ಚಿಮಕ್ಕೆ ಮುಖ ಮಾಡಿದ ಗೋಲ್‌ಕೀಪರ್‌ನ ಗತಿಯೇನು? ನನ್ನ ಅಕ್ಕನ ಮಗ ಗೋಲ್‌ಕೀಪರ್. ಅಂಥ ಒಂದು ಮೈದಾನದಲ್ಲಿ ಸಂಜೆ ಐದು ಗಂಟೆಗೆ ಅವನನ್ನು ನಿಲ್ಲಿಸಿ ಎತ್ತರದ ಚೆಂಡು 20 ಒದ್ದೆ. ಏಳು ಕೈತಪ್ಪಿದವು. ಎದುರು ಗೋಲಿನಲ್ಲಿ ತಪ್ಪಿದ್ದು ಎರಡು. "ಮಾಮ, ಚೆಂಡು ಸೂರ್ಯನೊಳಗಿಂದ ಬರುತ್ತದೆ" ಎಂದ. ಅಲ್ಲಿಂದ ಮುಂದೆ ಉತ್ತರ ದಕ್ಷಿಣ ಇಲ್ಲದ ಮೈದಾನಗಳನ್ನು ಪಟ್ಟಿಯಿಂದ ತೆಗೆದೆ; ಒಂಬತ್ತರಲ್ಲಿ ಉಳಿದದ್ದು ಐದು.

ಅಗಲದ ವಿಷಯದಲ್ಲಿ ನಾನು ಹಟ ಹಿಡಿಯುವುದಿಲ್ಲ. ನಿಯಮದಲ್ಲಿ 45ರಿಂದ 90 ಮೀಟರ್‌ವರೆಗೆ ಅವಕಾಶವಿದೆ, ನಮಗೆ 62 ಸಿಕ್ಕಿತು. 2026ರ ವಿಶ್ವಕಪ್ ಫೈನಲ್‌ಗೆಂದು ಗೊತ್ತುಮಾಡಿದ ನ್ಯೂಜೆರ್ಸಿಯ ಮೆಟ್‌ಲೈಫ್ ಕ್ರೀಡಾಂಗಣದಲ್ಲೇ ಅಗಲ ಸಾಲದೆ ಮೂಲೆಯ ಆಸನಗಳನ್ನು ಕೀಳಬೇಕಾಯಿತು. ಅದು ಅಮೆರಿಕನ್ ಫುಟ್‌ಬಾಲ್‌ಗೆಂದು ಕಟ್ಟಿದ್ದು.

ಐದು ಮೈದಾನಗಳಿಂದ ಒಂದನ್ನು ಆರಿಸಲು ಎರಡು ಲೆಕ್ಕ ಹಾಕಿದೆ. ಒಂದು ಬಸ್ಸಿನದು. ಆ ಊರಿನ ನಿಲ್ದಾಣದಲ್ಲಿ ಭಾನುವಾರ ಸಂಜೆ ಆರೂವರೆಯಿಂದ ಒಂಬತ್ತರವರೆಗೆ ಕುಳಿತು, ಯಾವ ದಿಕ್ಕಿಗೆ ಎಷ್ಟು ಬಸ್ಸು ಹೊರಟವೆಂದು ಬರೆದುಕೊಂಡೆ. ಅಭಿಮಾನಿ ಬರುವುದು ಹೇಗೋ ಬರುತ್ತಾನೆ, ವಾಪಸು ಹೋಗುವ ದಾರಿ ಕಾಣದಿದ್ದರೆ ಮೊದಲಾರ್ಧಕ್ಕೇ ಎದ್ದು ಹೋಗುತ್ತಾನೆ. ಕುಶಾಲನಗರದಿಂದ ಮೈಸೂರಿಗೂ ಬಸ್ಸುಂಟು, ಹಾಸನಕ್ಕೂ ಉಂಟು, ಸುಂಟಿಕೊಪ್ಪದ ಮೇಲೆ ಮಡಿಕೇರಿಗೂ ಉಂಟು. ಆ ಎರಡೂವರೆ ಗಂಟೆಯಲ್ಲಿ ನಾನು ಇಪ್ಪತ್ತಕ್ಕೂ ಹೆಚ್ಚು ಎಣಿಸಿದೆ. ಹೊಳೆ ದಾಟಿದರೆ ಕೊಪ್ಪ, ಅದರಾಚೆ ಬೈಲುಕುಪ್ಪೆ. ಬೈಲುಕುಪ್ಪೆಯ ಟಿಬೆಟನ್ ಹುಡುಗರು ಫುಟ್‌ಬಾಲ್ ಎಂದರೆ ಪ್ರಾಣ ಬಿಡುವವರು. ಅವರ ತಂಡ ಫೈನಲ್‌ನಲ್ಲಿ ಇರಲಿಲ್ಲ, ಆದರೂ ಇನ್ನೂರಕ್ಕೂ ಹೆಚ್ಚು ಜನ ಬಂದರು.

ಎರಡನೆಯದು ನನ್ನದೇ ಉಪಾಯ, ಇದರ ಬಗ್ಗೆ ನನಗೆ ಹೆಮ್ಮೆಯಿದೆ. ಊರಿನ ಮುಖಂಡರನ್ನು ಕೇಳಿದರೆ ಎಲ್ಲರೂ "ನಮ್ಮೂರಿನಲ್ಲಿ ಐದು ಸಾವಿರ ಜನ ಗ್ಯಾರಂಟಿ" ಎನ್ನುತ್ತಾರೆ. ಆ ಮಾತಿಗೆ ಬೆಲೆ ಇಲ್ಲ. ಊರನ್ನು ಘೋಷಿಸುವ ಎರಡು ತಿಂಗಳ ಮೊದಲೇ ಐದೂ ಊರುಗಳಲ್ಲಿ ತಿಂಡಿ ಮಳಿಗೆಗಳಿಗೆ ಮುಂಗಡ ಪಡೆಯಲು ಶುರುಮಾಡಿದೆ: 500 ರೂಪಾಯಿ, ಪಂದ್ಯ ಆ ಊರಿಗೆ ಬಾರದಿದ್ದರೆ ಪೂರ್ತಿ ವಾಪಸು. ಚಹಾ, ಬಜ್ಜಿ, ಚುರುಮುರಿ ಮಾರುವವರಿಗಿಂತ ಚೆನ್ನಾಗಿ ಊರಿನ ನಾಡಿ ಬಲ್ಲವರು ಯಾರಿದ್ದಾರೆ? ಒಂದು ಊರಿನಲ್ಲಿ ಮುಂಗಡ ಕೊಟ್ಟವರು ನಾಲ್ಕೇ ಜನ. ಇನ್ನೊಂದರಲ್ಲಿ ಒಂಬತ್ತು. ಕುಶಾಲನಗರದಲ್ಲಿ ಒಂದು ವಾರದಲ್ಲಿ 31. ಚುರುಮುರಿ ಮಾರುವ ಒಬ್ಬ ಹೆಂಗಸು ಸೆರಗಿನ ಗಂಟು ಬಿಚ್ಚಿ ಹತ್ತರ ನೋಟುಗಳನ್ನೇ ಐವತ್ತು ಎಣಿಸಿಕೊಟ್ಟರು. ಎರಡು ಸಲ ಎಣಿಸಿದರು. "ಫೈನಲ್ ಇಲ್ಲೇ ತಾನೆ ಅಣ್ಣ? ನಾನು ಎರಡು ಮೂಟೆ ಮಂಡಕ್ಕಿ ಹೇಳಿಬಿಡುತ್ತೇನೆ" ಎಂದರು. ಆ ದಿನ ಸಂಜೆಯೇ ಮನಸ್ಸಿನಲ್ಲಿ ಊರು ನಿಂತುಹೋಯಿತು. ಉಳಿದ ನಾಲ್ಕು ಊರಿನವರ ಹಣವನ್ನು ಮೂರು ದಿನದೊಳಗೆ ನಾನೇ ಹೋಗಿ ಹಿಂದಿರುಗಿಸಿದೆ. ಅದರಲ್ಲಿ ತಡಮಾಡಿದರೆ ಮುಂದಿನ ವರ್ಷ ಯಾರೂ ನಂಬುವುದಿಲ್ಲ.

ಗ್ಯಾಲರಿಯ ಬಗ್ಗೆ ಒಂದು ಮಾತು. ಮೊದಲು ನಾವೂ ಅಡಿಕೆ ಮರದ ಗ್ಯಾಲರಿ ಕಟ್ಟಿಸುತ್ತಿದ್ದೆವು, ಎಂಟು ಹತ್ತು ಮೆಟ್ಟಿಲು. 2022ರ ಮಾರ್ಚ್‌ನಲ್ಲಿ ಕೇರಳದ ಮಲಪ್ಪುರಂ ಜಿಲ್ಲೆಯಲ್ಲಿ ಸೆವೆನ್ಸ್, ಅಂದರೆ ತಂಡಕ್ಕೆ ಏಳೇ ಜನ ಆಡುವ ಫುಟ್‌ಬಾಲ್ ಪಂದ್ಯದ ವೇಳೆ ತಾತ್ಕಾಲಿಕ ಗ್ಯಾಲರಿ ಕುಸಿದು ಬಹಳ ಜನ ಗಾಯಗೊಂಡರು. ಆ ದೃಶ್ಯ ನೋಡಿದ ಮೇಲೆ ನನಗೆ ನಿದ್ದೆ ಬರಲಿಲ್ಲ. ಈಗ ಕಬ್ಬಿಣದ ಪೈಪಿನ ಗ್ಯಾಲರಿ, ನಾಲ್ಕೇ ಮೆಟ್ಟಿಲು. ಖರ್ಚು 45 ಸಾವಿರದಿಂದ ಒಂದು ಲಕ್ಷದ ಹತ್ತಿರಕ್ಕೆ ಏರಿತು. ಸಮಿತಿಯಲ್ಲಿ ಜಗಳವಾಯಿತು, ನಾನು ಬಗ್ಗಲಿಲ್ಲ. ಮೈದಾನದ ಪಶ್ಚಿಮಕ್ಕೆ ಸಹಜವಾದ ದಿಬ್ಬವಿದ್ದುದು ಕುಶಾಲನಗರದ ಇನ್ನೊಂದು ಅನುಕೂಲ. ಸಾವಿರದ ಇನ್ನೂರು ಜನ ಅಲ್ಲೇ ಬೆನ್ನಿಗೆ ಬಿಸಿಲು ಹಾಕಿಕೊಂಡು ಕೂತರು.

ಹಣದ ಲೆಕ್ಕ ನೆನಪಿನಿಂದ ಹೇಳುವುದಾದರೆ, ಟಿಕೆಟ್‌ನಿಂದ ಎರಡೂವರೆ ಲಕ್ಷ, ಪ್ರಾಯೋಜಕರಿಂದ ಎರಡು ಲಕ್ಷ, ಮಳಿಗೆಗಳಿಂದ 65 ಸಾವಿರ, ವಾಹನ ನಿಲುಗಡೆಯಿಂದ 30 ಸಾವಿರ. ಖರ್ಚು 3.65 ಲಕ್ಷದ ಆಸುಪಾಸು. ಬಹುಮಾನದ ಹಣ ಇದರಲ್ಲಿ ಸೇರಿಲ್ಲ, ಅದನ್ನು ಇಬ್ಬರು ತೋಟದ ಮಾಲೀಕರು ಪ್ರತ್ಯೇಕವಾಗಿ ಕೊಡುತ್ತಾರೆ. ಆಂಬುಲೆನ್ಸ್, ವಿಮೆ, ರೆಫರಿಗಳ ಭತ್ಯೆ ನಿಮಗೆಲ್ಲ ಗೊತ್ತಿರುವುದೇ. ಫೈನಲ್‌ಗೆ ಮೊದಲು ಹುಡುಗಿಯರ ಪ್ರದರ್ಶನ ಪಂದ್ಯವನ್ನೂ ಇಟ್ಟಿದ್ದೆ, 25 ನಿಮಿಷದ್ದು. ಅವರ ಮನೆಯವರು, ನೆರೆಹೊರೆಯವರು ಎಂದು ಐದುನೂರು ಟಿಕೆಟ್ ಹೆಚ್ಚಾಗಿ ಹೋಯಿತು. ಮುಂದೆ ಇದನ್ನೇ ಪೂರ್ಣಪ್ರಮಾಣದ ಟೂರ್ನಿ ಮಾಡುವ ಆಸೆಯಿದೆ.

ಹೂಮಳೆ ತಪ್ಪಿಸಿ ದಿನಾಂಕ ಹಿಡಿಯುವುದು ಹೇಗೆಂದು ಹಲವರು ಕೇಳುತ್ತಾರೆ. ಸೋಮವಾರಪೇಟೆ ಕಡೆಯ ಒಬ್ಬ ಹಿರಿಯ ಬೆಳೆಗಾರರು ಕಲಿಸಿಕೊಟ್ಟದ್ದು ಅದು, ಅವರ ಒಪ್ಪಿಗೆಯಿಲ್ಲದೆ ಬರೆಯಲಾರೆ.

ಇಷ್ಟೆಲ್ಲ ಯಾಕೆ ಎಂದು ಮನೆಯವರೂ ಕೇಳಿದ್ದಾರೆ. 2023ರ ಮಾರ್ಚ್ 4ರಂದು ಕರ್ನಾಟಕ ಮೇಘಾಲಯವನ್ನು 3–2ರಿಂದ ಸೋಲಿಸಿ 54 ವರ್ಷದ ಮೇಲೆ ರಾಜ್ಯ ತಂಡಗಳ ರಾಷ್ಟ್ರೀಯ ಫುಟ್‌ಬಾಲ್ ಟೂರ್ನಿಯಾದ ಸಂತೋಷ್ ಟ್ರೋಫಿ ಗೆದ್ದಿತು. ಆ ಫೈನಲ್ ನಡೆದದ್ದು ಸೌದಿಯ ರಿಯಾದ್‌ನಲ್ಲಿ. ನಾವು ಹನ್ನೊಂದು ಜನ ಒಂದು ಅಂಗಡಿಯ ಜಗಲಿಯಲ್ಲಿ ಒಂದೇ ಮೊಬೈಲ್ ಸುತ್ತ ತಲೆ ಕೂಡಿಸಿ ನೋಡಿದೆವು. ಗೆದ್ದಾಗ ಕುಣಿದೆವು, ಕಣ್ಣಲ್ಲಿ ನೀರೂ ಬಂತು. ಆದರೆ ಆ ಕೂಗು ಆಡಿದ ಹುಡುಗರಿಗೆ ಕೇಳಲಿಲ್ಲವಲ್ಲ ಎಂಬ ಸಂಕಟ ಇನ್ನೂ ಇದೆ. ಕಳೆದ ಏಪ್ರಿಲ್‌ನಲ್ಲಿ ಗೆಲುವಿನ ಗೋಲು ಹೊಡೆದ ಹುಡುಗ ನೇರ ದಿಬ್ಬದ ಕಡೆಗೆ ಓಡಿದ. ಅವನ ಅಪ್ಪ ಸುಣ್ಣದ ಗೆರೆಯಿಂದ ನಾಲ್ಕು ಹೆಜ್ಜೆ ಆಚೆ ನಿಂತಿದ್ದರು.

ಮುಂದಿನ ಟೂರ್ನಿಗೆ ಪಟ್ಟಿಯಲ್ಲಿ ಮೂರು ಹೊಸ ಊರುಗಳಿವೆ. ಈ ಭಾನುವಾರ ಅಕ್ಕನ ಮಗನನ್ನು ಕರೆದುಕೊಂಡು ಮೊದಲನೆಯದಕ್ಕೆ ಹೋಗುತ್ತಿದ್ದೇನೆ. ಹಾರೆಗೆ ಹೊಸ ಮೊನೆ ಹೊಡೆಸಿಯಾಗಿದೆ.