ಮಗಳಿಗೆ ಹತ್ತೋಕೆ ಒಂದು ಏಣಿ: ನಾನು ಮಾಡಿದ ರೀತಿ

ಪಿಕ್ಲರ್ ತ್ರಿಕೋನ ಅಂದರೆ ಎರಡು ಗಿಡ್ಡ ಏಣಿಗಳನ್ನು ತಲೆಗೆ ತಲೆ ಕೊಟ್ಟು ನಿಲ್ಲಿಸಿದಂತಿರುವ ಮರದ ಚೌಕಟ್ಟು. ಹಂಗೇರಿಯ ಮಕ್ಕಳ ವೈದ್ಯೆ ಎಮ್ಮಿ ಪಿಕ್ಲರ್ ಅವರ ಹೆಸರು ಅದಕ್ಕೆ. 1946ರಲ್ಲಿ ಬುಡಾಪೆಸ್ಟ್‌ನಲ್ಲಿ ಅವರು ಎಳೆಯ ಮಕ್ಕಳಿಗಾಗಿ ಒಂದು ಪಾಲನಾಗೃಹ ಶುರು ಮಾಡಿದ್ದರು. ಮಗು ತಾನಾಗಿ ಕೂರುವ ಮುಂಚೆ ಕೂರಿಸಬೇಡಿ, ತಾನಾಗಿ ನಿಲ್ಲುವ ಮುಂಚೆ ನಿಲ್ಲಿಸಬೇಡಿ ಅನ್ನುವುದು ಅವರ ನಿಲುವು. ನನ್ನ ಮಗಳು ಸೋಫಾ, ಕುರ್ಚಿ, ಪುಸ್ತಕದ ಕಪಾಟು ಯಾವುದನ್ನೂ ಬಿಡದೆ ಹತ್ತುತ್ತಿದ್ದಳು. ಇಳಿಸಿ ಇಳಿಸಿ ಸಾಕಾಗಿ, ಇಂಥದ್ದೊಂದು ಮಾಡೇಬಿಡೋಣ ಅಂದುಕೊಂಡೆ. ಮರಗೆಲಸ ಅಲ್ಪಸ್ವಲ್ಪ ಬರುತ್ತಿತ್ತು.

ನನ್ನ ಲೆಕ್ಕ ಇಷ್ಟೇ. ಅವಳು ಹತ್ತುವಾಗ ನಾನು ಪಕ್ಕದಲ್ಲಿ ಸುಮ್ನೆ ಕೂತಿರಬೇಕು, ಕೈ ಹಾಕಬಾರದು. ಹಾಗೆ ಕೂರೋಕೆ ಧೈರ್ಯ ಬರಬೇಕಾದರೆ, ಹೆದರಬೇಕಾದ್ದನ್ನೆಲ್ಲ ಮರಗೆಲಸ ಮಾಡುವಾಗಲೇ ಹೆದರಿ ಮುಗಿಸಿರಬೇಕು.

ಜಾಸ್ತಿ ತಲೆ ಕೆಡಿಸಿಕೊಂಡದ್ದು ಕೋಲುಗಳ ನಡುವಿನ ಸಂದಿನ ಬಗ್ಗೆ. ಸಣ್ಣ ಮಕ್ಕಳ ಮೈ ತೂರುವ ಸಂದಿನಲ್ಲಿ ತಲೆ ತೂರುವುದಿಲ್ಲ. ಕಾಲು ಮೊದಲು ಒಳಗೆ ಜಾರಿತು ಅಂದುಕೊಳ್ಳಿ. ಸೊಂಟ ಹೋಗುತ್ತದೆ, ಎದೆ ಹೋಗುತ್ತದೆ, ಗದ್ದದ ಹತ್ತಿರ ಬಂದು ಸಿಕ್ಕಿಹಾಕಿಕೊಳ್ಳುತ್ತದೆ. ಆಗ ಮೈಭಾರವೆಲ್ಲ ಕುತ್ತಿಗೆ ಮೇಲೆ. ಅದಕ್ಕೇ ಅಮೆರಿಕದ ಆಟದ ಮೈದಾನಗಳ ಸುರಕ್ಷತಾ ಮಾರ್ಗಸೂಚಿ ಸುಮಾರು 9ರಿಂದ 23 ಸೆಂ.ಮೀ. ವರೆಗಿನ ಸಂದುಗಳನ್ನು ಅಪಾಯ ಅನ್ನುತ್ತದೆ. ನಾನು 30 ಮಿ.ಮೀ. ದಪ್ಪದ ಗುಂಡುಕೋಲು ತಗೊಂಡೆ. ಒಂದರ ನಡುವಿನಿಂದ ಇನ್ನೊಂದರ ನಡುವಿಗೆ 11 ಸೆಂ.ಮೀ. ಗುರುತು ಹಾಕಿದೆ. ಸಂದು 8 ಸೆಂ.ಮೀ. ಉಳಿಯಿತು. ಎರಡು ಏಣಿ ಸೇರುವ ತುದಿಯಲ್ಲಿ ಮಾತ್ರ ಚೌಕಟ್ಟನ್ನು ಪೂರ್ತಿ ಅಗಲಿಸಿ ನಿಲ್ಲಿಸಿಯೇ ಅಳೆಯಬೇಕು. ಮಡಚಿದಾಗ ಸರಿಯಿದ್ದ ಅಳತೆ ಅಲ್ಲಿ ಬದಲಾಗುತ್ತದೆ.

ಕೋಲಿನ ದಪ್ಪಕ್ಕೂ ಕಾರಣ ಇದೆ. ಮಗುವಿನ ಬೆರಳು ಒಂದು ಕಡೆಯಿಂದ, ಹೆಬ್ಬೆರಳು ಇನ್ನೊಂದು ಕಡೆಯಿಂದ ಸುತ್ತಿ ಬರಬೇಕು. ತೀರಾ ದಪ್ಪ ಆದರೆ ಅದು ಹಿಡಿತ ಅಲ್ಲ, ಬರೀ ಕೈ ಇಟ್ಟ ಹಾಗೆ. ಇನ್ನೊಂದು, ಕೋಲು ತಿರುಗಬಾರದು. ಪಕ್ಕದ ಹಲಗೆಯಲ್ಲಿ ತೂತು ಕೊರೆದು, ಅಂಟು ಹಾಕಿ ಕೂರಿಸಿ, ಹೊರಗಿನಿಂದ ಒಂದೊಂದು ಸ್ಕ್ರೂ ಬಿಗಿದೆ. ಸ್ಕ್ರೂಗೆ ಮೊದಲೇ ಸಣ್ಣ ತೂತು ಕೊರೆಯದಿದ್ದರೆ ಕೋಲಿನ ತುದಿ ಸೀಳುತ್ತದೆ. ಅಂಟು ಒಣಗಿದ ಮೇಲೆ ಬಟ್ಟೆ ಹಿಂಡುವ ಹಾಗೆ ಪ್ರತಿ ಕೋಲನ್ನೂ ತಿರುಚಿ ನೋಡಿದೆ. ಆಮೇಲೆ ನಾನೇ ಹತ್ತಿ ನಿಂತೆ. ನನ್ನ ಭಾರ ತಡೆಯದ್ದನ್ನು ಅವಳಿಗೆ ಕೊಡುವ ಮಾತೇ ಇಲ್ಲ.

ಸ್ಯಾಂಡ್‌ಪೇಪರ್ ಉಜ್ಜುವುದು ಬೇಸರದ ಕೆಲಸ, ಆದರೆ ಸಿಬಿರು ಬಿಡಬಾರದು. ಮೇಲೆ ಅಗಸೆ ಎಣ್ಣೆ ಒರೆಸಿದೆ. ಒಂದು ಎಚ್ಚರಿಕೆ: ಆ ಎಣ್ಣೆಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಒಣಗುವಾಗ ಅದು ತಾನೇ ಬಿಸಿಯಾಗಿ ಬೆಂಕಿ ಹೊತ್ತಿಕೊಳ್ಳಬಹುದು. ಬಯಲಲ್ಲಿ ಹರವಿ ಒಣಗಿಸಿ.

ಎತ್ತರ 75 ಸೆಂ.ಮೀ.ಗೆ ನಿಲ್ಲಿಸಿದೆ. ಕೆಳಗೆ ದಪ್ಪ ಮ್ಯಾಟು, ಯಾಕೆಂದರೆ ಗಟ್ಟಿ ನೆಲದ ಮೇಲೆ ಬರೀ ಜಮಖಾನ ಪೆಟ್ಟು ತಡೆಯುವುದಿಲ್ಲ. ಕಿಟಕಿ ಹತ್ತಿರ ಇಡಲೇಬಾರದು. ಚೌಕಟ್ಟಿಗೆ ಹಗ್ಗ ಕಟ್ಟಬಾರದು. ಮಗುವಿನ ಕತ್ತಲ್ಲಿ ಸರ, ದಾರ ಇರಬಾರದು. ಸೈಕಲ್ ಹೆಲ್ಮೆಟ್ ಕೂಡ ಬೇಡ, ಅದು ಸಂದಿನಲ್ಲಿ ಸಿಕ್ಕಿ ಮಗು ನೇತಾಡುವ ಅಪಾಯ ಇದೆ. ಸಾಕ್ಸು ಜಾರುತ್ತದೆ, ಬರಿಗಾಲೇ ಒಳ್ಳೆಯದು.

ಹತ್ತುವುದನ್ನು ಅವಳಿಗೆ ಯಾರೂ ಹೇಳಿಕೊಡಬೇಕಾಗಲಿಲ್ಲ. ಇಳಿಯುವುದೇ ಕಷ್ಟ. ಹತ್ತುವಾಗ ಕೈ ಎಲ್ಲಿಡಬೇಕು ಅಂತ ಕಣ್ಣಿಗೆ ಕಾಣುತ್ತದೆ. ಇಳಿಯುವಾಗ ಕಾಲು ಕಾಣುವುದೇ ಇಲ್ಲ, ಎಲ್ಲಿದೆ ಅಂತ ಮೈಯೇ ಲೆಕ್ಕ ಹಾಕಬೇಕು. ಅವಳು ಕೋಲನ್ನು ಎದೆಗೆ ಒತ್ತಿ ಹಿಡಿದು, ಒಂದು ಕಾಲು ಕೆಳಗೆ ಬಿಟ್ಟು ಗಾಳಿಯಲ್ಲಿ ತಡಕುತ್ತಿದ್ದಳು. ಹೆಬ್ಬೆರಳು ಕೋಲಿಗೆ ತಾಗುತ್ತಿತ್ತು, ಜಾರುತ್ತಿತ್ತು. ಮತ್ತೆ ತಾಗುತ್ತಿತ್ತು. ಕಾಲು ಹಿಡಿದು ಇಟ್ಟುಬಿಡೋಣ ಅಂತ ನನ್ನ ಕೈ ತುರಿಸುತ್ತಿತ್ತು. ಹಾಗೆ ಮಾಡಿದರೆ ಆ ಲೆಕ್ಕ ನಾನು ಹಾಕಿದ ಹಾಗೆ ಆಗುತ್ತದೆ, ಅಲ್ವಾ? "ಇನ್ನೂ ಸ್ವಲ್ಪ ಕೆಳಗಿದೆ" ಅಂತಷ್ಟೇ ಹೇಳುತ್ತಿದ್ದೆ. ತೀರಾ ಹೆದರಿ ಅತ್ತರೆ ಎತ್ತಿ ಇಳಿಸುತ್ತಿದ್ದೆ, ಅದರಲ್ಲಿ ಹಟ ಮಾಡಿ ಪ್ರಯೋಜನ ಇಲ್ಲ. ಆದರೆ ಎತ್ತಿ ಮೇಲೆ ಕೂರಿಸುವ ಕೆಲಸ ಯಾವತ್ತೂ ಮಾಡಲಿಲ್ಲ. ಬಂದ ನೆಂಟರು ಪ್ರೀತಿಯಿಂದ ಹಾಗೆ ಮಾಡೋಕೆ ಹೋದಾಗ ತಡೆದು, ಒಂದಿಬ್ಬರ ಮುನಿಸನ್ನೂ ಕಟ್ಟಿಕೊಂಡಿದ್ದೇನೆ.

ಮರ ಹವೆಗೆ ತಕ್ಕ ಹಾಗೆ ಹಿಗ್ಗುತ್ತದೆ, ಕುಗ್ಗುತ್ತದೆ. ಬೋಲ್ಟು ಸಡಿಲ ಆಗುತ್ತದೆ. ಹಾಗಾಗಿ ಸ್ಪ್ಯಾನರ್ ಕೈಗೆ ಸಿಗುವ ಜಾಗದಲ್ಲೇ ಇರುತ್ತದೆ.

ಅವಳು ದೊಡ್ಡವಳಾಗಿ ತ್ರಿಕೋನ ಸಪ್ಪೆ ಅನ್ನಿಸಿದಾಗ ಹಿಡಿಕೆಗಳನ್ನು ಹಿಡಿದು ಹತ್ತೋಕೆ ಅಂತ ಗೋಡೆಗೆ 18 ಮಿ.ಮೀ. ಪ್ಲೈವುಡ್ ಹಲಗೆ ಹಾಕಿದೆ. ಮೊದಲು ಗೋಡೆಗೆ ಮರದ ಪಟ್ಟಿ ಹೊಡೆದು ಅದರ ಮೇಲೆ ಹಲಗೆ ಕೂರಿಸಬೇಕು, ಹಿಡಿಕೆಯ ಬೋಲ್ಟನ್ನು ಹಲಗೆಯ ಹಿಂದಿನಿಂದ ಹಿಡಿದುಕೊಳ್ಳುವ ಟಿ-ನಟ್ಟುಗಳಿಗೆ ಜಾಗ ಬೇಕಲ್ಲ. ಹಿಡಿಕೆಗಳಿಗೆ ಎಂ10, ಅಂದರೆ 10 ಮಿ.ಮೀ. ದಪ್ಪದ ಬೋಲ್ಟು. ಹಲಗೆಯನ್ನು ಎತ್ತರಕ್ಕೆ ಒಯ್ಯದೆ ಉದ್ದಕ್ಕೆ ಹಾಕಿದ್ದು ಬೇಕೆಂದೇ. ಪಕ್ಕಕ್ಕೆ ಸರಿಯುತ್ತಾ ಹೋದರೂ ಕೈಕಾಲಿಗೆ, ಹೊಟ್ಟೆಗೆ ಒಳ್ಳೆ ಕೆಲಸ ಸಿಗುತ್ತದೆ, ಬಿದ್ದರೆ ಮೊಣಕಾಲೆತ್ತರದಿಂದ ಬೀಳುತ್ತಾಳೆ ಅಷ್ಟೇ. ಹಿಡಿಕೆಯಲ್ಲಿ ಬೋಲ್ಟಿನ ಪಕ್ಕ ಇನ್ನೊಂದು ಸಣ್ಣ ತೂತು ಇದ್ದರೆ ಅದಕ್ಕೂ ಒಂದು ಸ್ಕ್ರೂ ಹಾಕಿ. ಇಲ್ಲದಿದ್ದರೆ ಮಗು ಜೋತುಬಿದ್ದಾಗ ಹಿಡಿಕೆ ಗಿರ್ರನೆ ತಿರುಗುತ್ತದೆ.