ಕಡಿಮೆ ಖರ್ಚಲ್ಲಿ ಮನೆಯೊಳಗೊಂದು ಪುಟ್ಟ ರೀಫ್ ಟ್ಯಾಂಕ್

ರೀಫ್ ಟ್ಯಾಂಕ್ ಅಂದ್ರೆ ಹವಳ, ಸಮುದ್ರದ ಮೀನು ಸಾಕುವ ಉಪ್ಪುನೀರಿನ ಅಕ್ವೇರಿಯಂ. ಅದಕ್ಕೆ ಲಕ್ಷಗಟ್ಟಲೆ ಬೇಕು ಅಂತೇನಿಲ್ಲ. ತೀರಾ ಪುಟ್ಟದು ಮಾತ್ರ ಬೇಡ, ನೀರು ಬೇಗ ಹದಗೆಡುತ್ತದೆ. 60-80 ಲೀಟರ್ ಇರಲಿ. ಟ್ಯಾಂಕು, ಫಿಲ್ಟರ್ ಸೆಕೆಂಡ್ ಹ್ಯಾಂಡ್ ತಗೊಂಡು, ಉಳಿದ ದುಡ್ಡನ್ನು ಲೈಟು, ರಿಫ್ರಾಕ್ಟೋಮೀಟರಿಗೆ (ನೀರಿನ ಉಪ್ಪಿನಂಶ ಅಳೆಯುವ ಮೀಟರು) ಹಾಕಿ.

ಅಡುಗೆ ಉಪ್ಪು ಆಗಲ್ಲ. ಮರೀನ್ ಸಾಲ್ಟ್ ಲೀಟರಿಗೆ ಸುಮಾರು 35 ಗ್ರಾಂ, ಮೀಟರಿನಲ್ಲಿ ಸ್ಪೆಸಿಫಿಕ್ ಗ್ರಾವಿಟಿ (ಸಾಪೇಕ್ಷ ಸಾಂದ್ರತೆ) 1.025 ಬರಬೇಕು. ಮನೆಯ ಆರ್‌ಒ ನೀರಾದರೆ ಮೊದಲು ಟಿಡಿಎಸ್ (ನೀರಲ್ಲಿ ಕರಗಿರುವ ಲವಣ, ಖನಿಜಗಳ ಪ್ರಮಾಣ) ನೋಡಿ. ಕುಡಿಯೋ ಮೆಷಿನ್‌ಗಳಲ್ಲಿ ಎಷ್ಟೋ ಸಲ ರುಚಿಗೆ ಅಂತ ಖನಿಜ ಸೇರಿಸಿರುತ್ತಾರೆ, ನಮಗೆ ಬೇಕಿರುವುದು ಸೊನ್ನೆಗೆ ಹತ್ತಿರದ್ದು. ನೀರು ಆವಿಯಾದರೂ ಉಪ್ಪು ಅಲ್ಲೇ ಉಳಿಯುತ್ತದೆ ಅಲ್ವಾ, ಹಾಗಾಗಿ ಗಾಜಿನ ಮೇಲೆ ಮಾರ್ಕರಿನಿಂದ ಗೆರೆ ಎಳೆದು ದಿನಾ ಅಲ್ಲಿಯವರೆಗೆ ಸಪ್ಪೆ ಆರ್‌ಒ ನೀರನ್ನೇ ತುಂಬಿಸಿ.

ಕಲ್ಲು, ಮರಳು, ಚಿಟಿಕೆ ಮೀನಿನ ಆಹಾರ ಹಾಕಿ 4-6 ವಾರ ಸುಮ್ನೆ ಬಿಡಿ. ಮೀನಿಗೆ ವಿಷವಾಗುವ ಅಮೋನಿಯಾ, ನೈಟ್ರೈಟ್ ಎರಡೂ ಟೆಸ್ಟ್ ಕಿಟ್‌ನಲ್ಲಿ ಸೊನ್ನೆಗೆ ಇಳಿದ ಮೇಲೆ ಒಂದು ಜೋಡಿ ಕ್ಲೌನ್‌ಫಿಶ್, ಆಮೇಲೆ ಮಶ್ರೂಮ್ ಕೋರಲ್ (ಅಣಬೆಯಂತೆ ಕಾಣುವ ಹವಳ). ಬೆಂಗಳೂರಿನ ಬೇಸಿಗೆಗೆ ಚಿಲ್ಲರ್ (ನೀರು ತಂಪು ಮಾಡುವ ಯಂತ್ರ) ಯಾಕೆ, ನೀರಿನ ಮೇಲೆ ಗಾಳಿ ಬೀಸುವ ಸಣ್ಣ ಫ್ಯಾನ್ ಸಾಮಾನ್ಯವಾಗಿ ಸಾಕು.

ಅಂದಹಾಗೆ, ಮುರ್ಡೇಶ್ವರದ ಹತ್ತಿರದ ನೇತ್ರಾಣಿ ದ್ವೀಪಕ್ಕೆ ಡೈವಿಂಗ್ ಹೋದಾಗ ಹವಳದ ತುಂಡು ಎತ್ತಿಕೊಂಡು ಬರಬೇಡಿ. 1972ರ ವನ್ಯಜೀವಿ ಕಾಯ್ದೆಯಡಿ ಅದು ಅಪರಾಧ.